ಸಣ್ಣ ಬಂಡವಾಳದ ಅಂಗಡಿ: ಕೋಣೆಯನ್ನು ಅಣಿಗೊಳಿಸುವ ಬಗೆ

ಕಳೆದ ಬೇಸಗೆಯಲ್ಲಿ ಬೆಳ್ತಂಗಡಿ ಕಡೆಯ ಒಂದು ಗ್ರಾಮದಲ್ಲಿ ಭತ್ತದ ಬೀಜೋಪಚಾರದ ಪ್ರಾತ್ಯಕ್ಷಿಕೆ ಮುಗಿಸಿ ಹೊರಟಿದ್ದೆ. ಆಗ ಒಬ್ಬ ಅಕ್ಕ ಗದ್ದೆಯ ಬದುವಿನಲ್ಲೇ ನನ್ನನ್ನು ತಡೆದು ನಿಲ್ಲಿಸಿದರು. "ಗ್ರಾಮಸೇವಕರೇ, ರಸ್ತೆ ಬದಿಯ ನಮ್ಮ ಕೋಣೆಯಲ್ಲಿ ಒಂದು ಅಂಗಡಿ ಇಡುವ ಅಂತ ಉಂಟು. ಬೀಡಿ ಕಟ್ಟಿ ಉಳಿಸಿದ್ದು ಸ್ವಲ್ಪ, ಸಂಘದ ಸಾಲ ಸ್ವಲ್ಪ, ಎಲ್ಲ ಸೇರಿ ಅರುವತ್ತು ಸಾವಿರ ಉಂಟು. ಕೋಣೆಯನ್ನು ಹೇಗೆ ಮಾಡಿದರೆ ಒಳ್ಳೆಯದು?" ಎಂದು ಕೇಳಿದರು.

ಕೃಷಿ ಡಿಪ್ಲೊಮಾ ಓದಿದವನಿಗೆ ಅಂಗಡಿಯ ವಿಚಾರ ಏನು ಗೊತ್ತು ಎಂದು ನೀವು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ನಾನೂ ಕೂಡಲೇ ಉತ್ತರ ಕೊಡಲು ಹಿಂಜರಿದೆ. ಅದಕ್ಕೆ ಬೇರೊಂದು ಕಾರಣವಿತ್ತು. ಮೂರು ವರ್ಷಗಳ ಹಿಂದೆ ಬಂಟ್ವಾಳ ಕಡೆಯ ಒಬ್ಬ ಯುವಕ ಇದೇ ಪ್ರಶ್ನೆ ಕೇಳಿದಾಗ, "ಅಂಗಡಿ ಎದ್ದು ಕಾಣಬೇಕು, ಗಿರಾಕಿ ತಾನಾಗಿ ಬರುತ್ತಾನೆ" ಎಂದು ಯೋಚಿಸದೆ ಹೇಳಿಬಿಟ್ಟಿದ್ದೆ. ಆತ ಹಾಗೆಯೇ ಮಾಡಿದ. ಕೈಯಲ್ಲಿದ್ದ ಹಣದಲ್ಲಿ ಅರ್ಧಕ್ಕಿಂತ ಹೆಚ್ಚು ಗಾಜಿನ ಕಪಾಟಿಗೂ, ದೊಡ್ಡ ಬೋರ್ಡಿಗೂ, ಬಣ್ಣದ ದೀಪಗಳಿಗೂ ಹೋಯಿತು. ಅಕ್ಕಿಯ ಗೋಣಿಗಳನ್ನು ಪಡುಗೋಡೆಗೆ ಒರಗಿಸಿ ಬರಿನೆಲದ ಮೇಲೆ ಇಟ್ಟ. ಆಟಿ ತಿಂಗಳ ಮಳೆಗೆ ಗೋಡೆ ಒದ್ದೆಯಾಗಿ ಅಡಿಯ ಗೋಣಿಗಳಿಗೆ ಬೂಷ್ಟು ಹಿಡಿಯಿತು. ಬೇರೆ ಸರಕು ತರಲು ಕೈಯಲ್ಲಿ ಕಾಸು ಉಳಿದಿರಲಿಲ್ಲ. ಸೋಣ ತಿಂಗಳು ಮುಗಿಯುವ ಮೊದಲೇ ಬಾಗಿಲು ಮುಚ್ಚಿತು. ಗಾಜಿನ ಕಪಾಟು ಅರ್ಧ ಬೆಲೆಗೆ ಮಾರಾಟವಾಯಿತು. ಸಾಲದ ಕಂತು ಮಾತ್ರ ಪೂರ್ತಿಯಾಗಿ ಉಳಿಯಿತು.

ಆ ತಪ್ಪಿನಲ್ಲಿ ನನ್ನ ಪಾಲೂ ಇದೆ. ಆದುದರಿಂದ ಈ ಸಲ ನಾಲ್ಕಾರು ಹಳೆಯ ಅಂಗಡಿಗಳನ್ನು ನೋಡಿ, ಅನುಭವಸ್ಥರನ್ನು ಕೇಳಿ, ಅಳತೆ ಹಿಡಿದು, ಆಮೇಲೆ ಅಕ್ಕನಿಗೆ ಸಲಹೆ ಕೊಟ್ಟೆ. ಅಂಗಡಿ ಇಡಬೇಕೆಂದಿರುವ ಇತರ ಬಂಧುಗಳಿಗೂ ಉಪಯೋಗವಾದೀತೆಂದು ಅದನ್ನು ಇಲ್ಲಿ ಬರೆಯುತ್ತಿದ್ದೇನೆ. ಸಾರಾಂಶ ಇಷ್ಟೇ: ಸಣ್ಣ ಬಂಡವಾಳದ ಅಂಗಡಿಗೆ ಸರಕೇ ಅಲಂಕಾರ. ಸರಕು ಒಣಗಿರಬೇಕು, ಕಣ್ಣಿಗೆ ಕಾಣಬೇಕು, ಕೈಗೆ ಎಟಕಬೇಕು. ಕೋಣೆಗೆ ಮಾಡುವ ಪ್ರತಿಯೊಂದು ಖರ್ಚೂ ಈ ಮೂರರಲ್ಲಿ ಒಂದಕ್ಕಾದರೂ ನೆರವಾಗುವಂತಿರಬೇಕು.

ಮೊದಲು ಹಣವನ್ನು ಪಾಲು ಮಾಡಿ

ಬಡಗಿಯನ್ನು ಕರೆಯುವ ಮೊದಲು ಒಂದು ಕಾಗದ ಪೆನ್ಸಿಲು ಹಿಡಿದು ಕುಳಿತುಕೊಳ್ಳಿ. 60,000 ರೂಪಾಯಿ ಇದ್ದರೆ ಅದನ್ನು ಹೀಗೆ ಹಂಚಬಹುದು:

ಸರಕು: 30,000
ಕಪಾಟು ಮತ್ತು ಮೇಜು: 10,000
ತಕ್ಕಡಿ: 3,000
ಗೋಣಿಯ ಅಡಿಗೆ ಹಲಗೆ, ಡಬ್ಬಿ, ಭರಣಿಗಳು: 3,000
ದೀಪ ಮತ್ತು ವಯರಿಂಗ್: 2,500
ಸುಣ್ಣ ಮತ್ತು ಬೋರ್ಡು: 1,500
ಆಟಿಗೆಂದು ತೆಗೆದಿಟ್ಟ ಹಣ: 10,000

ಬೆಲೆಗಳು ಊರಿಂದ ಊರಿಗೆ ಬದಲಾಗಬಹುದು. ಆದರೆ ಪಾಲು ಬದಲಾಗದಿರಲಿ. ಅರ್ಧ ಹಣ ಸರಕಿಗೆ, ಮೂರರಲ್ಲಿ ಒಂದು ಪಾಲಿನ ಒಳಗೆ ಕೋಣೆಯ ಎಲ್ಲ ಸಜ್ಜು, ಉಳಿದುದು ಕೈಯಲ್ಲಿ. ಕೊನೆಯ ಸಾಲಿನ ಹಣವನ್ನು ಹಲವರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ನಮ್ಮ ಕಡೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ಎಂದರೆ ಆಟಿಯಲ್ಲಿ, ಕೂಲಿ ಕೆಲಸ ಕಡಮೆ. ಮದುವೆ ಮುಂಜಿ ಇಲ್ಲ. ಜನರ ಕೈಯಲ್ಲಿ ಹಣದ ಓಡಾಟ ಕಡಮೆ. ಗಿರಾಕಿಗಳು ಕಡ ಕೇಳುತ್ತಾರೆ. ನಿಮಗೆ ಸರಕು ಕೊಡುವವರು ಮಾತ್ರ ನಗದು ಕೇಳುತ್ತಾರೆ. ಮೊದಲ ಆಟಿಯನ್ನು ದಾಟಿಸುವುದು ಈ 10,000 ರೂಪಾಯಿಯೇ.

ಮುಖ, ಮಾಡು, ಗೋಡೆ

ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರು ಮಳೆ ಬೀಳುತ್ತದೆ. ನೀರು ಹರಿದುಹೋಗದೆ ನಿಂತರೆ 13 ಅಡಿ ಎತ್ತರವಾದೀತು! ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ, ಪಡುವಣ ಗಾಳಿಯೊಂದಿಗೆ ಬರುತ್ತದೆ. ಬಯಲುಸೀಮೆಯ ಅಂಗಡಿಯ ನಕ್ಷೆ ನಮಗೆ ಒಗ್ಗದಿರುವುದು ಇದರಿಂದಲೇ. ಮೂಡುಬಿದಿರೆಯ ಸಾವಿರ ಕಂಬದ ಬಸದಿ 1430ರಲ್ಲಿ ಕಟ್ಟಿದ್ದು. ಅದಕ್ಕೂ ಇಳಿಜಾರಿನ ಮಾಡೇ ಇದೆ. ನಮ್ಮ ಮಳೆಯನ್ನು ಬಲ್ಲವರು ಕಲ್ಲಿನಲ್ಲಿ ಕಟ್ಟುವಾಗಲೂ ನೀರು ಇಳಿಯುವ ದಾರಿಯನ್ನು ಮರೆಯಲಿಲ್ಲ. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಶನ್‌ನವರು ಹಂಚಿನ ಕಾರ್ಖಾನೆ ತೆರೆದ ಮೇಲೆ ಒಂದಕ್ಕೊಂದು ಕಚ್ಚಿಕೊಳ್ಳುವ ಹಂಚು ನಮ್ಮ ಮಾಡುಗಳಿಗೆ ಬಂತು. ಹಳೆಯ ಹಂಚಿನ ಕೋಣೆ ನಿಮ್ಮಲ್ಲಿ ಇದ್ದರೆ ಅದನ್ನು ಕೀಳೆಂದು ತಿಳಿಯಬೇಡಿ. ಕಬ್ಬಿಣದ ಶೀಟಿಗಿಂತ ಅದು ಬೇಸಗೆಯಲ್ಲಿ ತಂಪು, ಮಳೆಯಲ್ಲಿ ಸದ್ದೂ ಕಡಮೆ.

ಕೋಣೆಯ ಬಾಗಿಲು ಮೂಡಣಕ್ಕೋ ಬಡಗಣಕ್ಕೋ ಇದ್ದರೆ ಅನುಕೂಲ. ರಸ್ತೆ ಪಡುವಣಕ್ಕೇ ಇದ್ದರೆ ಇರಿಚಲು ಒಳಗೆ ಬಾರದಂತೆ ಮಾಡನ್ನು ಮುಂದಕ್ಕೆ 4 ಅಡಿಯಾದರೂ ಇಳಿಸಿ. ಒಡೆದ ಹಂಚು, ಸರಿದ ಹಂಚು ಇವುಗಳ ರಿಪೇರಿ ಪತ್ತನಾಜೆಯ ಒಳಗೆ ಮುಗಿಯತಕ್ಕದ್ದು. ಪತ್ತನಾಜೆಗೆ ಕೋಲ, ಆಟಗಳು ನಿಲ್ಲುವಂತೆ ಮಾಡಿನ ಕೆಲಸವೂ ನಿಲ್ಲಬೇಕು; ಆಮೇಲೆ ಮಾಡು ಹತ್ತುವುದು ಅಪಾಯಕಾರಿ.

ಕೆಂಪುಕಲ್ಲಿನ ಗೋಡೆ ನೀರನ್ನು ಹೀರುತ್ತದೆ. ಹೊರಬದಿಗೆ ಗಾರೆ ಇಲ್ಲದಿದ್ದರೆ ಮಳೆ ಹೊಡೆಯುವ ಬದಿಗಾದರೂ ಗಾರೆ ಮಾಡಿಸಿ. ಅದಕ್ಕೂ ಹಣ ಸಾಲದಿದ್ದರೆ ಹೆಣೆದ ಮಡಲಿನ ತಟ್ಟಿಯನ್ನು ಆ ಗೋಡೆಗೆ ಮಳೆಗಾಲದಲ್ಲಿ ಕಟ್ಟಿ. ನಮ್ಮ ಹಿರಿಯರು ಮಾಡುತ್ತಿದ್ದುದು ಅದನ್ನೇ. ಒಳಗೆ ದುಬಾರಿ ಬಣ್ಣದ ಅಗತ್ಯವಿಲ್ಲ, ಬಿಳಿ ಸುಣ್ಣ ಸಾಕು. ಸುಣ್ಣ ಬೆಳಕನ್ನು ಹರಡುತ್ತದೆ, ಬೂಷ್ಟನ್ನು ತಡೆಯುತ್ತದೆ, ವರ್ಷಕ್ಕೊಮ್ಮೆ ಮನೆಯವರೇ ಬಳಿಯಬಹುದು.

ಹೊಳೆಯ ಬದಿಯವರು ಇನ್ನೊಂದು ಮಾತನ್ನು ನೆನಪಿಡಬೇಕು. ನೇತ್ರಾವತಿಯ ದಡದ ಬಂಟ್ವಾಳ, ಪಾಣೆಮಂಗಳೂರು ಪೇಟೆಗಳು 1923ರಲ್ಲಿಯೂ 1974ರಲ್ಲಿಯೂ ದೊಡ್ಡ ನೆರೆ ಕಂಡಿವೆ. 2019ರ ಆಗಸ್ಟ್‌ನಲ್ಲಿ ಬೆಳ್ತಂಗಡಿಯ ಚಾರ್ಮಾಡಿ ಕಡೆಯವರೂ ನೆರೆಯ ಕಷ್ಟ ಅನುಭವಿಸಿದರು. ಇಂತಹ ಕಡೆ ಗೋಡೆಗೆ ಕಟ್ಟಿದ ಕಪಾಟಿಗಿಂತ ಬಿಚ್ಚಿ ಎತ್ತಬಹುದಾದ ಕಪಾಟು ಲೇಸು. ಲೆಕ್ಕದ ಪುಸ್ತಕ, ಕಾಗದಪತ್ರಗಳು ಅತ್ಯಂತ ಮೇಲಿನ ಹಲಗೆಯಲ್ಲಿರಲಿ.

ಕೋಣೆಯ ನಕ್ಷೆ

ನಮ್ಮ ಹಳ್ಳಿಗಳಲ್ಲಿ ಸಾಮಾನ್ಯವಾಗಿ ಸಿಗುವುದು 10 ಅಡಿ ಅಗಲ, 12 ಅಡಿ ಉದ್ದದ ಕೋಣೆ. ಹೊಸ್ತಿಲಿನಿಂದ ಒಳಗೆ 3 ಅಡಿ ಜಾಗವನ್ನು ಗಿರಾಕಿಗಳಿಗೆ ಬಿಡಿ. ಮೇಜನ್ನು ಹೊಸ್ತಿಲಿಗೇ ಇಟ್ಟರೆ ಮಳೆ ಬಂದಾಗ ಗಿರಾಕಿ ನೆನೆಯುತ್ತಾನೆ. ನೆನೆದವನು ಒಂದು ಸಾಮಾನು ಕೊಂಡು ಓಡುತ್ತಾನೆ, ಒಳಗೆ ನಿಂತವನು ಮತ್ತೆರಡು ನೆನಪಿಸಿಕೊಳ್ಳುತ್ತಾನೆ. ಆಮೇಲೆ ಒಂದೂವರೆ ಅಡಿ ಅಗಲದ ಮೇಜು. ಅದರ ಹಿಂದೆ ನೀವು ಓಡಾಡಲು 3 ಅಡಿ. ಉಳಿದ ನಾಲ್ಕೂವರೆ ಅಡಿ ಗೋಣಿಗಳಿಗೂ ದಾಸ್ತಾನಿಗೂ. ಮೇಜಿನ ಉದ್ದ ಏಳೂವರೆ ಅಡಿ ಇರಲಿ, ಒಂದು ಬದಿಯಲ್ಲಿ ಎರಡೂವರೆ ಅಡಿ ದಾರಿ ಬಿಡಿ. ಗೋಣಿ ಹೊತ್ತವನು ಅಡ್ಡ ತಿರುಗದೆ ಒಳಗೆ ಹೋಗುವಂತಿರಬೇಕು.

ಈ ಅಳತೆಗಳನ್ನು ಕಾಗದದಲ್ಲಿ ನಂಬಬೇಡಿ. ಕೋಣೆಯ ನೆಲದಲ್ಲೇ ಸುಣ್ಣದ ಗೆರೆ ಎಳೆದು, ಮೇಜಿರುವ ಕಡೆ ಎರಡು ಬೆಂಚು ಇಟ್ಟು, ಮನೆಯವರು ನಾಲ್ಕು ಜನ ಒಂದು ಗಂಟೆ ಓಡಾಡಿ ನೋಡಿ. ಗೆರೆಯನ್ನು ಅಳಿಸಿ ಎಳೆಯಲು ಖರ್ಚಿಲ್ಲ. ಮಾಡಿಸಿದ ಮೇಜನ್ನು ಕೊರೆಸಲು ಖರ್ಚಿದೆ.

ಗಿರಾಕಿಯೇ ಒಳಗೆ ಬಂದು ಬೇಕಾದುದನ್ನು ಬುಟ್ಟಿಗೆ ಹಾಕಿಕೊಳ್ಳುವ ಅಂಗಡಿ ಮಾಡಬಹುದೇ ಎಂದು ಕೆಲವು ಯುವಕರು ಕೇಳುತ್ತಾರೆ. ಆ ಪದ್ಧತಿಯನ್ನು 1916ರಲ್ಲಿ ಅಮೆರಿಕದ ಮೆಂಫಿಸ್ ನಗರದಲ್ಲಿ ಕ್ಲಾರೆನ್ಸ್ ಸಾಂಡರ್ಸ್ ಎಂಬವರು ತಮ್ಮ ಪಿಗ್ಲಿ ವಿಗ್ಲಿ ಅಂಗಡಿಯಲ್ಲಿ ಆರಂಭಿಸಿದರು. ಅದರಿಂದ ಕೆಲಸದಾಳುಗಳ ಖರ್ಚು ಉಳಿಯಿತು. ನಿಮ್ಮ ಅಂಗಡಿಯಲ್ಲಿ ಕೆಲಸದಾಳು ನೀವೇ, ಉಳಿಯುವ ಸಂಬಳವಿಲ್ಲ. ಓಡಾಟದ ದಾರಿಗೆ ಜಾಗ ಮಾತ್ರ ಹೋಗುತ್ತದೆ. 10 ಅಡಿಯ ಕೋಣೆಗೆ ಮೇಜಿನ ಪದ್ಧತಿಯೇ ಸರಿ. ಆದರೆ ಸಾಬೂನು, ಬಿಸ್ಕತ್ತು, ಪುಸ್ತಕ ಪೆನ್ಸಿಲುಗಳನ್ನು ಗಿರಾಕಿ ನಿಲ್ಲುವ ಕಡೆ ಅವರ ಕೈಗೇ ಸಿಗುವಂತೆ ಇಡಬಹುದು.

ಕಪಾಟು ಮತ್ತು ಹಲಗೆ

ಹೊಸ ಮರ ಕೊಳ್ಳುವ ಮೊದಲು ಮನೆಯ ಅಟ್ಟವನ್ನು ಹುಡುಕಿ. ಹಳೆಯ ಅಂಗಡಿಗಳಿಗೆ ಅಂಕೆ ಬರೆದ ಹಲಗೆಗಳನ್ನು ಒಂದೊಂದಾಗಿ ಜೋಡಿಸುವ ಬಾಗಿಲು ಇರುತ್ತಿತ್ತು. ಉರುಳುವ ಶಟರು ಬಂದ ಮೇಲೆ ಅಂತಹ ಹಲಗೆಗಳು ಎಷ್ಟೋ ಕಡೆ ಮೂಲೆಗೆ ಬಿದ್ದಿವೆ. ಚೆನ್ನಾಗಿ ಒಣಗಿದ ಆ ಮರಕ್ಕಿಂತ ಒಳ್ಳೆಯ ಕಪಾಟಿನ ಹಲಗೆ ಬೇರೆ ಬೇಕಿಲ್ಲ.

ಕಪಾಟಿನ ಅಳತೆಗೆ ನಿಮ್ಮ ಮೈಯೇ ಅಳತೆಗೋಲು. ದಿನವೂ ಹೋಗುವ ಸಾಮಾನು ಸೊಂಟದಿಂದ ಕಣ್ಣಿನ ಎತ್ತರದವರೆಗೆ, ಎಂದರೆ ಎರಡೂವರೆ ಅಡಿಯಿಂದ 5 ಅಡಿಯ ನಡುವೆ. ಭಾರದ ಸಾಮಾನು ಕೆಳಗೆ, ಹಗುರವಾದುದು ಮೇಲೆ. ಹಲಗೆಯ ಅಗಲ 1 ಅಡಿ ಸಾಕು. ಹೆಚ್ಚು ಅಗಲವಾದರೆ ಹಿಂದಿನ ಸಾಮಾನು ಕಣ್ಣಿಗೆ ಬೀಳದೆ ಹಳತಾಗುತ್ತದೆ. ಹೊಸ ಸರಕು ಬಂದಾಗ ಹಳೆಯದನ್ನು ಮುಂದಕ್ಕೆ ಎಳೆದು ಹೊಸದನ್ನು ಹಿಂದೆ ಇಡಿ.

ಕಪಾಟನ್ನು ಗೋಡೆಗೆ ತಾಗಿಸದೆ 4 ಅಂಗುಲ ಬಿಟ್ಟು ನಿಲ್ಲಿಸಿ. ಕೆಳಗಿನ ಹಲಗೆ ನೆಲದಿಂದ ಅರ್ಧ ಅಡಿ ಮೇಲಿರಲಿ. ಹಿಡಿಸೂಡಿ ಅಡಿಗೆ ಹೋಗಬೇಕು. ಹಿಡಿಸೂಡಿ ಹೋಗದ ಕಡೆ ಇಲಿ ಮನೆಮಾಡುತ್ತದೆ. ಗೋಣಿಗಳ ಅಡಿಗೂ ಇದೇ ಎತ್ತರದಲ್ಲಿ, ಅಡಿಕೆ ಮರ ಸೀಳಿದ ದಬ್ಬೆಗಳ ಹಾಸು ಮಾಡಿ. ಬಲಿತ ಮರದ ಹೊರಭಾಗವನ್ನೇ ಆರಿಸಿ. ನೆಲಕ್ಕೆ ತಾಗುವ ಕಾಲುಗಳಿಗೆ ಮಾತ್ರ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿದರೆ ಗೆದ್ದಲು ಬೇಗ ಹತ್ತದು. ಆ ಎಣ್ಣೆ ಚರ್ಮವನ್ನು ಸುಡುತ್ತದೆ. ಕೈಗೆ ಚೀಲ ಕಟ್ಟಿಕೊಂಡು ಬಳಿಯಿರಿ, ಪೂರ್ತಿ ಒಣಗಿದ ಮೇಲೆಯೇ ಒಳಗೆ ತನ್ನಿ.

ಇದರಲ್ಲಿ ಇಷ್ಟು ಒತ್ತಾಯ ಏಕೆಂದರೆ, ಅಕ್ಕಿಯಲ್ಲಿ ನೂರಕ್ಕೆ 14 ಪಾಲಿಗಿಂತ ಹೆಚ್ಚು ತೇವ ಸೇರಿದರೆ ಅದು ಬೂಷ್ಟಿಗೂ ಹುಳಕ್ಕೂ ಆಹ್ವಾನ. ಗೋಣಿಯ ಮೇಲ್ಭಾಗ ಒಣಗಿ ಕಂಡರೂ ನೆಲದ ತೇವ ಅಡಿಯಿಂದ ಏರುತ್ತದೆ. ಗದ್ದೆಯಲ್ಲಿ ನೀರು ಬಸಿಯಲು ದಾರಿ ಮಾಡಿದಂತೆ ಅಂಗಡಿಯಲ್ಲಿ ಗಾಳಿ ಆಡಲು ದಾರಿ ಮಾಡಬೇಕು. ಕುಚ್ಚಲಕ್ಕಿ, ಬೇಳೆ, ಮೆಣಸು ಇವುಗಳನ್ನು ಬಿಚ್ಚಿದ ಮೇಲೆ ಮುಚ್ಚಳ ಭದ್ರವಿರುವ ಡಬ್ಬಿಗಳಿಗೆ ತುಂಬಿ. ಉಪ್ಪು ಮತ್ತು ಬೆಲ್ಲ ನೀರನ್ನು ಎಳೆಯುವ ಪದಾರ್ಥಗಳು. ಅವನ್ನು ಅಕ್ಕಿಯಿಂದ ದೂರವಿಡಿ.

ಬೆಳಕು

ಹಂಚಿನ ಮಾಡಾದರೆ ಎರಡು ಗಾಜಿನ ಹಂಚು ಹೊದೆಸಿ. ಹಗಲು ದೀಪ ಬೇಕಾಗದು. ಒಂದು ಮೇಜಿನ ಮೇಲಕ್ಕೂ ಇನ್ನೊಂದು ಗೋಣಿಗಳ ಎದುರಿಗೂ ಬೀಳಲಿ. ಆದರೆ ಬಿಸಿಲು ನೇರವಾಗಿ ಎಣ್ಣೆ, ಬಿಸ್ಕತ್ತುಗಳ ಮೇಲೆ ಬೀಳಬಾರದು. ರಾತ್ರಿಗೆ 9 ವ್ಯಾಟಿನ ಎಲ್.ಇ.ಡಿ. ದೀಪ ಎರಡು ಸಾಕು. ದಿನಕ್ಕೆ 10 ಗಂಟೆ ಉರಿದರೂ ಅಂತಹ ಒಂದು ದೀಪಕ್ಕೆ ತಿಂಗಳಿಗೆ 3 ಯೂನಿಟಿಗಿಂತ ಕಡಮೆ. ಹಳೆಯ 60 ವ್ಯಾಟಿನ ಬಲ್ಬಿಗೆ ಅದೇ ಕೆಲಸಕ್ಕೆ 18 ಯೂನಿಟು. ಒಂದು ದೀಪ ತಕ್ಕಡಿಯ ಮೇಲೆಯೇ ಇರಬೇಕು. ತೂಕ ಕಾಣದ ಅಂಗಡಿಯ ಮೇಲೆ ಸಂಶಯ ತಾನಾಗಿ ಹುಟ್ಟುತ್ತದೆ.

ಜೊತೆಯಲ್ಲಿ ಇಡಬಾರದ್ದು

ಮಳೆಗಾಲದಲ್ಲಿ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡಲು ರೈತರು ಮೈಲುತುತ್ತು ಕೇಳಿಕೊಂಡು ಬರುತ್ತಾರೆ. ಲಾಭದ ಆಸೆಗೆ ಅದನ್ನು ತಂದು ಅಕ್ಕಿಯ ಪಕ್ಕದಲ್ಲಿ ಇಡಬೇಡಿ. ಕೀಟನಾಶಕ, ರೋಗನಾಶಕಗಳ ಮಾರಾಟಕ್ಕೆ 1968ರ ಕಾನೂನಿನಂತೆ ಬೇರೆ ಪರವಾನಗಿ ಬೇಕು; ಆಹಾರ ಪದಾರ್ಥ ಮಾರುವ ಕಟ್ಟಡದಲ್ಲಿ ಅವನ್ನು ಇಡುವಂತಿಲ್ಲ. ರೈತರನ್ನು ಸಹಕಾರ ಸಂಘಕ್ಕೋ ಪರವಾನಗಿ ಇರುವ ಅಂಗಡಿಗೋ ಕಳುಹಿಸಿ. ಸಾಬೂನು, ಊದುಬತ್ತಿಗಳನ್ನೂ ಚಹಾಪುಡಿಯಿಂದ ದೂರ, ಎದುರು ಗೋಡೆಯ ಕಪಾಟಿನಲ್ಲಿಡಿ. ಚಹಾಪುಡಿ ಬೇರೆ ವಾಸನೆಯನ್ನು ಬೇಗ ಹೀರುತ್ತದೆ.

ತಕ್ಕಡಿ, ಕಾಗದಪತ್ರ, ಸಾಲ

ತಕ್ಕಡಿಯ ಅಂಕೆ ಗಿರಾಕಿಗೂ ಕಾಣುವಂತೆ ಮೇಜಿನ ಮೇಲಿರಲಿ. ಅದಕ್ಕೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಕಡ್ಡಾಯ. ಕಾಲಕಾಲಕ್ಕೆ ಪರೀಕ್ಷೆಯೂ ಆಗಬೇಕು. ಗ್ರಾಮ ಪಂಚಾಯತಿಯಲ್ಲಿ ಪರವಾನಗಿ ವಿಚಾರಿಸಿ. ಆಹಾರ ಪದಾರ್ಥ ಮಾರುವವರು 2006ರ ಆಹಾರ ಸುರಕ್ಷತಾ ಕಾನೂನಿನಂತೆ ನೋಂದಣಿ ಮಾಡಿಸಿಕೊಳ್ಳಬೇಕು. ಮೊಬೈಲಿನಿಂದ ಹಣ ಪಡೆಯುವ ಯು.ಪಿ.ಐ. ಕ್ಯೂ.ಆರ್. ಚೀಟಿಯನ್ನು ಇರಿಚಲು ತಾಗದ ಕಡೆ ಅಂಟಿಸಿ. ಕಡದ ಪುಸ್ತಕವನ್ನು ಮಾತ್ರ ಗಿರಾಕಿಗಳ ಕಣ್ಣಿಗೆ ಬೀಳದಂತೆ ಮೇಜಿನ ಒಳಗಿಡಿ. ಒಬ್ಬರ ಕಡ ಇನ್ನೊಬ್ಬರಿಗೆ ಮಾತಾಗಬಾರದು.

ಬಂಡವಾಳ ಸಾಲದವರು ಬ್ಯಾಂಕಿನಲ್ಲಿ ಮುದ್ರಾ ಯೋಜನೆಯ ಬಗ್ಗೆ ಕೇಳಬಹುದು. 2015ರಲ್ಲಿ ಆರಂಭವಾದ ಈ ಯೋಜನೆಯ 'ಶಿಶು' ವಿಭಾಗದಲ್ಲಿ 50,000 ರೂಪಾಯಿಯವರೆಗೆ ಅಡಮಾನವಿಲ್ಲದೆ ಸಾಲವಿದೆ. ಸಾಲಕ್ಕೆ ಮೊದಲು ತರಬೇತಿ ಪಡೆಯುವುದು ಇನ್ನೂ ಲೇಸು. ಉಜಿರೆಯಲ್ಲಿ 1982ರಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆ ಗ್ರಾಮೀಣ ಯುವಕ ಯುವತಿಯರಿಗೆ ಸ್ವಂತ ಉದ್ಯೋಗದ ತರಬೇತಿಯನ್ನು ಶುಲ್ಕವಿಲ್ಲದೆ ಕೊಡುತ್ತದೆ. ದೇಶದ ಬೇರೆ ಜಿಲ್ಲೆಗಳು ಇದನ್ನು ನೋಡಿ ಕಲಿತಿವೆ. ಬಾಗಿಲಲ್ಲೇ ಇರುವ ನಾವು ಬಿಡುವುದು ಸರಿಯಲ್ಲ.

ಸರಕು ಆರಿಸುವಾಗ

ಬಂಡವಾಳದ ಅರ್ಧ ಸರಕಿಗೆ ಹೋಗುವುದರಿಂದ ಒಂದು ಮಾತು. ಅಂಗಡಿ ತೆರೆಯುವ ಮೊದಲು ಒಂದು ವಾರ ರಸ್ತೆಯ ಬದಿಯಲ್ಲಿ ಕುಳಿತು ಯಾರು ಯಾವಾಗ ಹಾದುಹೋಗುತ್ತಾರೆ ಎಂದು ಬರೆದಿಡಿ. ಬೆಳಗ್ಗೆ ಹಾಲಿನ ಸೊಸೈಟಿಗೆ ಬರುವವರು, ಶಾಲೆಯ ಮಕ್ಕಳು, ಬೀಡಿ ಕೊಟ್ಟು ಮಜೂರಿ ಹಿಡಿದು ಬರುವ ಹೆಂಗಸರು, ಇವರಲ್ಲಿ ಪ್ರತಿಯೊಬ್ಬರಿಗೂ ಬೇಕಾದದ್ದು ಬೇರೆ. ಅಂತಹವನ್ನೇ ಸ್ವಲ್ಪ ಸ್ವಲ್ಪವಾಗಿ, ವಾರಕ್ಕೊಮ್ಮೆ ಪೇಟೆಯಿಂದ ತನ್ನಿ. ಅಗ್ಗವೆಂದು ಮೂರು ತಿಂಗಳ ಸರಕು ತಂದು ಮಳೆಗೆ ಒಡ್ಡಬೇಡಿ.

ಕೊನೆಯದಾಗಿ

ಅಕ್ಕ ಮೇ ತಿಂಗಳಲ್ಲಿ ಅಂಗಡಿ ತೆರೆದರು. ಮೇಜಿಗೆ ಹಳೆಯ ಬಾಗಿಲ ಹಲಗೆ, ಗೋಣಿಗಳ ಅಡಿಗೆ ಅಡಿಕೆ ದಬ್ಬೆ, ಮಾಡಿಗೆ ಎರಡು ಗಾಜಿನ ಹಂಚು. ಬೋರ್ಡನ್ನು ಅವರ ಮಗಳೇ ಬರೆದಳು. ಸೋಣ ತಿಂಗಳಲ್ಲಿ ಆ ದಾರಿಯಾಗಿ ಹೋದಾಗ ನಾನು ಮೊದಲು ಮಾಡಿದ ಕೆಲಸವೆಂದರೆ ಪಡುಬದಿಯ ಗೋಣಿಯ ಅಡಿಗೆ ಕೈ ಹಾಕಿ ನೋಡಿದ್ದು. ಒಣಗಿಯೇ ಇತ್ತು. ನನ್ನ ನಕ್ಷೆಯಲ್ಲಿ ಒಂದು ತಪ್ಪಿತ್ತು. ಕುಳಿತುಕೊಳ್ಳುವ ಬೆಂಚನ್ನು ದಾರಿಗೆ ಅಡ್ಡವಾಗಿ ತೋರಿಸಿದ್ದೆ. ಅಕ್ಕ ಅದನ್ನು ಹೊರಗೆ ಜಗಲಿಗೆ ಹಾಕಿಸಿದ್ದರು. ಆಟಿಗೆ ಇಟ್ಟಿದ್ದ 10,000ದಲ್ಲಿ 6,000 ಖರ್ಚಾಗಿತ್ತು. ಸಂಘದ ಕಂತು ಒಂದೂ ತಪ್ಪಿರಲಿಲ್ಲ.

"ಕಪಾಟಿಗೆ ಬಣ್ಣ ಕೊಡಲಿಲ್ಲ ಇನ್ನೂ" ಎಂದು ಅವರು ಸ್ವಲ್ಪ ಸಂಕೋಚದಿಂದ ಹೇಳಿದರು. "ದೀಪಾವಳಿಗೆ ಲಾಭದಲ್ಲಿ ಕೊಡುವ ಅಂತ."

ಬಣ್ಣಕ್ಕೆ ಅದೇ ಸರಿಯಾದ ಹೊತ್ತು. ಅಂಗಡಿ ಇಡಬೇಕೆಂದಿರುವ ಬಂಧುಗಳೇ, ಖರ್ಚಿಗೆ ಮೊದಲು ಅಳತೆ ಹಿಡಿಯಿರಿ, ಮಳೆಗೆ ಮೊದಲು ಮಾಡು ನೋಡಿ, ಆಟಿಗೆ ಮೊದಲು ಹಣ ತೆಗೆದಿಡಿ. ನೆಲದಲ್ಲಿ ಸುಣ್ಣದ ಗೆರೆ ಎಳೆಯುವ ದಿನ ನಿಮ್ಮ ಊರಿನ ಗ್ರಾಮಸೇವಕನನ್ನೂ ಕರೆಯಿರಿ. ಗೆರೆಯ ಇನ್ನೊಂದು ತುದಿ ಹಿಡಿಯಲು ಒಬ್ಬರು ಬೇಕಾಗುತ್ತದೆ.